ಕೊಡಗಿನ ಮನೆಗೆ ಎಂಥ ನಾಯಿ? ತಳಿ, ಊಟ, ಸರಪಳಿ ಆರಿಸಿಕೊಳ್ಳುವ ಮುಂಚೆ

ಕೊಡಗಿನಲ್ಲಿ ನಾಯಿಮರಿ ತರುವವರು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲೇ ತರುತ್ತಾರೆ. ಮಕ್ಕಳಿಗೆ ರಜೆ. ಕಾಫಿ ಕೊಯ್ಲು ಮುಗಿದು ಕೈಯಲ್ಲಿ ಒಂದಿಷ್ಟು ಕಾಸು ಇರುತ್ತದೆ. ಅಂಗಳ ಒಣಗಿರುತ್ತದೆ, ಮರಿ ಅತ್ತಿಂದಿತ್ತ ಓಡಾಡುತ್ತಿದ್ದರೆ ನೋಡುವುದಕ್ಕೂ ಚೆಂದ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಅಲ್ಲಿಂದ ಮೂರು ತಿಂಗಳು ಅಂಗಳ ಅನ್ನುವುದೇ ಇಲ್ಲ. ಮರಿ ಎಲ್ಲಿ ಮಲಗಬೇಕು, ಎಲ್ಲಿ ಕಕ್ಕಸು ಮಾಡಬೇಕು, ಒದ್ದೆ ಮೈ ಯಾರು ಒರೆಸಬೇಕು ಅನ್ನುವ ಜಗಳ ಆಗ ಶುರು.

ಅದಕ್ಕೇ, ಯಾವ ತಳಿ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಜುಲೈ ತಿಂಗಳ ರಾತ್ರಿ ಆ ನಾಯಿ ಎಲ್ಲಿ ಮಲಗುತ್ತದೆ? ಮನೆ ಒಳಗಾ, ಜಗಲಿಯಲ್ಲಾ, ಗೂಡಿನಲ್ಲಾ? ಇಲ್ಲ, "ಎಲ್ಲೋ ಒಂದ್ಕಡೆ ಬಿದ್ದಿರುತ್ತೆ ಬಿಡಿ" ಅಂತಲಾ? ಇದಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಮಿಕ್ಕಿದ್ದೆಲ್ಲ ಅರ್ಧ ತೀರ್ಮಾನ ಆದ ಹಾಗೆ. "ಎಲ್ಲೋ ಒಂದ್ಕಡೆ" ಅನ್ನುವುದೇ ಉತ್ತರವಾದರೆ ಈ ವರ್ಷ ನಾಯಿ ಬೇಡ. ಮೊದಲು ಗೂಡು ಕಟ್ಟಿಸಿ.

ಇನ್ನೊಂದು ಮಾತು. ಕೊಡಗು ಅಂದರೆ ಎಲ್ಲ ಕಡೆ ಒಂದೇ ತರಹ ಅಲ್ಲ. ಕುಶಾಲನಗರದ ಕಡೆ ಮಳೆ ಕಡಿಮೆ, ಬೇಸಿಗೆಯಲ್ಲಿ ಸೆಕೆ. ಮಡಿಕೇರಿ, ಭಾಗಮಂಡಲ, ಶಾಂತಳ್ಳಿ ಕಡೆ ಮಳೆ, ಗಾಳಿ, ಚಳಿ ಎಲ್ಲ ಒಟ್ಟಿಗೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ತೋಟದೊಳಗೇ ಆನೆ. ಕುಟ್ಟ, ಶ್ರೀಮಂಗಲದ ಕಡೆ ಹುಲಿ ದನ ಹಿಡಿದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಬೆಂಗಳೂರಿನ ಫ್ಲ್ಯಾಟಿನವರು ಬರೆದ ಸಲಹೆ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ.

ನಾಡುನಾಯಿಯೋ, ಜಾತಿನಾಯಿಯೋ

ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ. ತೋಟದ ಮನೆಗೆ, ಜಗಲಿಯಲ್ಲೋ ಗೂಡಿನಲ್ಲೋ ಮಲಗುವ ನಾಯಿ ಬೇಕಾದರೆ ನಾಡುನಾಯಿಗೆ ಸಮ ಯಾವುದೂ ಇಲ್ಲ. ಗಿಡ್ಡ ಕೂದಲು, ಒದ್ದೆಯಾದರೂ ಬೇಗ ಒಣಗುತ್ತದೆ. ಕಿವಿ ನೆಟ್ಟಗೆ ನಿಲ್ಲುವುದರಿಂದ ಒಳಗೆ ಗಾಳಿ ಆಡುತ್ತದೆ, ಕಿವಿ ಸೋರುವ ಕಾಟ ಕಡಿಮೆ. ಸಣ್ಣ ಸದ್ದಿಗೂ ಎಚ್ಚರ. ಊಟಕ್ಕೆ ಗಲಾಟೆ ಇಲ್ಲ. ಆದರೆ "ನಾಡುನಾಯಿಗೆ ಏನೂ ಆಗಲ್ಲ, ಇಂಜೆಕ್ಷನ್ ಯಾಕೆ" ಅನ್ನುತ್ತಾರಲ್ಲ, ಅದು ಸುಳ್ಳು. ಪಾರ್ವೋ ಅನ್ನುವ ವಾಂತಿಭೇದಿಯ ರೋಗ ಬಂದರೆ ನಾಡುಮರಿಯೂ ಸಾಯುತ್ತದೆ, ರೇಬೀಸ್ ಯಾವ ಜಾತಿಯನ್ನೂ ನೋಡುವುದಿಲ್ಲ.

ಲ್ಯಾಬ್ರಡಾರ್ ಇಲ್ಲಿ ಎಲ್ಲರಿಗೂ ಇಷ್ಟ. ಮಕ್ಕಳಿರುವ ಮನೆಗೆ, ಪೇಟೆಯ ಮನೆಗೆ, ಒಳಗೆ ಮಲಗಿಸುವವರಿಗೆ ಒಳ್ಳೆಯದೇ. ಕಾವಲಿಗೆ ಅಂತ ತಂದರೆ ಮಾತ್ರ ನಿರಾಸೆ, ಬಂದವರ ಮುಂದೆಲ್ಲ ಬಾಲ ಆಡಿಸುತ್ತದೆ. ಅದರ ಮೈಮೇಲೆ ಎರಡು ಪದರ ಕೂದಲು. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಒದ್ದೆ ಉಳಿಯುತ್ತದೆ. ಮಳೆಗಾಲದಲ್ಲಿ ಸುಮ್ನೆ ಹೊರಗೆ ಬಿಟ್ಟರೆ ಕುತ್ತಿಗೆ, ಸೊಂಟದ ಹತ್ತಿರ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಜೋತುಬಿದ್ದ ಕಿವಿಯೊಳಗೆ ವಾಸನೆ ಬರುತ್ತದೆ. ಇನ್ನು ಅದರ ಹೊಟ್ಟೆಬಾಕತನ. ಸಿಕ್ಕಿದ್ದನ್ನೆಲ್ಲ ತಿನ್ನುವ ಈ ಚಾಳಿ ತೋಟದಲ್ಲಿ ಎಷ್ಟು ಅಪಾಯ ಅಂತ ಊಟದ ಭಾಗದಲ್ಲಿ ಹೇಳುತ್ತೇನೆ.

ಜರ್ಮನ್ ಶೆಫರ್ಡ್ ಕಾವಲಿಗೂ ಸರಿ, ಬುದ್ಧಿಗೂ ಸರಿ. ಆದರೆ ಅದಕ್ಕೆ ದಿನಾ ಕೆಲಸ ಬೇಕು. ಇಡೀ ದಿನ ಕಟ್ಟಿಹಾಕಿದರೆ ಬೊಗಳಿ ಬೊಗಳಿ ತಲೆ ಕೆಡಿಸುತ್ತದೆ. ಸೊಂಟದ ಕೀಲಿನ ತೊಂದರೆ ಈ ತಳಿಗೆ ವಂಶದಿಂದಲೇ ಬರಬಹುದು. ಹಾಗಾಗಿ ತಾಯಿ, ತಂದೆ ಎರಡೂ ಸಲೀಸಾಗಿ ನಡೆಯುತ್ತವೆಯೇ, ಎದ್ದು ಕೂರುವಾಗ ಕಷ್ಟಪಡುತ್ತವೆಯೇ ಅಂತ ಕಣ್ಣಾರೆ ನೋಡದೆ ಮರಿ ತರಬೇಡಿ. ಬೆನ್ನು ತೀರಾ ಇಳಿಜಾರಾಗಿರುವ ಮರಿಗೆ ಜಾಸ್ತಿ ದುಡ್ಡು ಕೊಡುವವರಿದ್ದಾರೆ. ನಾನಾದರೆ ಅಂಥದ್ದನ್ನು ಬಿಟ್ಟು ಬೆನ್ನು ಸಪಾಟಾಗಿರುವ ಮರಿ ಆರಿಸುತ್ತೇನೆ.

ಮುಧೋಳ ನಮ್ಮ ರಾಜ್ಯದ ಹೆಮ್ಮೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಸ್ಟಾಂಪ್ ತಂದಿತು. 2016ರಲ್ಲಿ ಸೇನೆಯವರು ತರಬೇತಿಗೆ ಅಂತ ಮರಿಗಳನ್ನು ಮೀರತ್‌ಗೆ ಒಯ್ದರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಆ ತಳಿಯೇ ಬೇಕು ಅನ್ನುವವರು ಅಲ್ಲಿ ವಿಚಾರಿಸಿ, ದಲ್ಲಾಳಿಗಳ ಹತ್ತಿರ ಬೇಡ. ಆದರೆ ಅದು ಬಾಗಲಕೋಟೆಯ ಒಣ ಬಯಲಿನ ನಾಯಿ. ಮೈಯಲ್ಲಿ ಕೊಬ್ಬಿಲ್ಲ, ತೆಳು ಕೂದಲು, ನಮ್ಮ ಮಳೆ ಚಳಿಗೆ ನಡುಗುತ್ತದೆ. ಕಣ್ಣಿಗೆ ಬಿದ್ದು ಓಡಿದ್ದನ್ನೆಲ್ಲ ಅಟ್ಟಿಸಿಕೊಂಡು ಹೋಗುವುದು ಅದರ ಹುಟ್ಟುಗುಣ. ಪಕ್ಕದ ಮನೆಯ ಕೋಳಿ, ತೋಟದ ಮೊಲ, ಕಾಡಿನ ಅಂಚಿನ ಜಿಂಕೆ ಎಲ್ಲವೂ ಅದಕ್ಕೆ ಒಂದೇ. ಜಿಂಕೆ ಹಿಡಿದರೆ ಕೇಸು ಬೀಳುವುದು ನಾಯಿ ಮೇಲಲ್ಲ, ನಿಮ್ಮ ಮೇಲೆ. ಎತ್ತರದ ಬೇಲಿ ಹಾಕಿದ ಜಾಗ, ಒಳಗೆ ಬೆಚ್ಚಗೆ ಮಲಗುವ ವ್ಯವಸ್ಥೆ ಎರಡೂ ಇದ್ದರೆ ಮಾತ್ರ ತನ್ನಿ.

"ರಾಟ್‌ವೀಲರ್ ಒಂದು ತಂದ್ರೆ ಕಳ್ಳರು ಹತ್ರ ಸುಳಿಯಲ್ಲ, ಅಲ್ವಾ ಅಣ್ಣ?" ಅಂತ ಕೇಳುವವರೂ ಇದ್ದಾರೆ. ಕಳ್ಳರು ಸುಳಿಯುವುದಿಲ್ಲ ಸರಿ. ಹಾಗೇ ಹಾಲು ಹಾಕುವವರು, ಕೂಲಿಗೆ ಬರುವವರು, ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ಮಕ್ಕಳು ಯಾರೂ ಸುಳಿಯುವ ಹಾಗಿಲ್ಲ. 2024ರಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್ ಸೇರಿ 23 ತಳಿಗಳ ಮೇಲೆ ನಿರ್ಬಂಧದ ಸುತ್ತೋಲೆ ಹೊರಡಿಸಿತ್ತು, ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕಾನೂನಿನ ಮಾತು ಹಾಗಿರಲಿ. ಮೊದಲ ಸಲ ನಾಯಿ ಸಾಕುವವರಿಗೆ, ದಿನಕ್ಕೆ ಒಂದು ಗಂಟೆ ಕೊಡಲಾಗದವರಿಗೆ ರಾಟ್‌ವೀಲರ್, ಡಾಬರ್‌ಮನ್ ಬೇಡವೇ ಬೇಡ.

ಡ್ಯಾಶ್‌ಹೌಂಡ್ ಬಗ್ಗೆ ಒಂದೆರಡು ಮಾತು. ಪೇಟೆ ಮನೆಗೆ ಚೆನ್ನಾಗಿ ಒಗ್ಗುತ್ತದೆ, ಗಾತ್ರಕ್ಕೆ ಮೀರಿದ ಗಂಟಲು. ಆದರೆ ಉದ್ದ ಬೆನ್ನು. ಕೊಡವರ ಹಳೇ ಮೂಲಮನೆ, ಅಂದರೆ ಐನ್‌ಮನೆಯಲ್ಲಿರುವಂಥ ಎತ್ತರದ ಮೆಟ್ಟಿಲನ್ನು ದಿನಾ ಹತ್ತಿ ಇಳಿದರೆ ಬೆನ್ನುಮೂಳೆಯ ಡಿಸ್ಕ್ ಜಾರಿ ಹಿಂಗಾಲು ಬಿದ್ದುಹೋಗುವ ಭಯ ಇರುತ್ತದೆ. ಹೊಟ್ಟೆ ಹುಲ್ಲಿಗೆ ತಾಗುವುದರಿಂದ ಜಿಗಣೆ, ಉಣ್ಣಿ ಎರಡಕ್ಕೂ ಸುಲಭದ ತುತ್ತು. ಪಗ್‌ಗೆ ಮಡಿಕೇರಿಯ ತಂಪು ಪರವಾಗಿಲ್ಲ, ಕುಶಾಲನಗರದ ಸೆಕೆಗೆ ಉಸಿರು ಕಟ್ಟುತ್ತದೆ. ಹಸ್ಕಿ ಕೇಳಲೇಬೇಡಿ.

ಗಂಡೋ ಹೆಣ್ಣೋ, ಮರಿಯೋ ದೊಡ್ಡದೋ

ಎಲ್ಲರೂ ಗಂಡುಮರಿ ಕೇಳುತ್ತಾರೆ. ಹೆಣ್ಣುಮರಿಗಳು ಗೋಣಿಚೀಲದಲ್ಲಿ ತುಂಬಿ ಯಾವುದೋ ತಿರುವಿನ ರಸ್ತೆಬದಿಗೆ ಬೀಳುತ್ತವೆ. ಇದಕ್ಕಿಂತ ಕೆಟ್ಟ ಲೆಕ್ಕಾಚಾರ ಇನ್ನೊಂದಿಲ್ಲ. ಗಂಡುನಾಯಿ ಬೆದೆ ವಾಸನೆ ಹಿಡಿದು ಮೈಲಿಗಟ್ಟಲೆ ಹೋಗಿ, ಕಚ್ಚಾಡಿ, ಕಿವಿ ಹರಿದುಕೊಂಡು ಬರುತ್ತದೆ. ಕೆಲವು ಬರುವುದೇ ಇಲ್ಲ. ಹೆಣ್ಣುನಾಯಿ ಮನೆ ಬಿಟ್ಟು ದೂರ ಹೋಗುವುದು ಕಡಿಮೆ, ರಾತ್ರಿ ಎಚ್ಚರ ಹೆಚ್ಚು. ಮರಿ ಹಾಕುವ ತಾಪತ್ರಯ ಬೇಡ ಅಂದರೆ ಸುಮಾರು 6 ತಿಂಗಳಾದ ಮೇಲೆ ಡಾಕ್ಟರ ಹತ್ತಿರ ಕೇಳಿ ಆಪರೇಷನ್ ಮಾಡಿಸಿ. ದೊಡ್ಡ ತಳಿಗೆ ಇನ್ನಷ್ಟು ತಡವಾಗಿ ಹೇಳುತ್ತಾರೆ. ಆಪರೇಷನ್ ಮಾಡಿಸಿದ ಹೆಣ್ಣುನಾಯಿಯೇ ತೋಟಕ್ಕೆ ನನ್ನ ಮೊದಲ ಆಯ್ಕೆ.

ಮರಿ ತರುವುದಾದರೆ 8 ವಾರ ತುಂಬಿರಬೇಕು. ಮಾರುವವರು ಒಂದು ತಿಂಗಳಿಗೇ ಕೊಟ್ಟುಬಿಡುತ್ತಾರೆ, ಕಣ್ಣು ಬಿಟ್ಟಿದೆ, ಅನ್ನ ತಿನ್ನುತ್ತದೆ ಅಂತ. ತಾಯಿ, ಒಡಹುಟ್ಟಿದವರ ಜೊತೆ ಇರುವ ಆ ಕೊನೆಯ ವಾರಗಳಲ್ಲೇ ಎಷ್ಟು ಗಟ್ಟಿಯಾಗಿ ಕಚ್ಚಬಾರದು ಅನ್ನುವುದನ್ನು ಮರಿ ಕಲಿಯುವುದು. ಬೇಗ ಬಿಡಿಸಿದ ಮರಿ ಆಟ ಆಡುವಾಗ ಕೈಯಲ್ಲಿ ರಕ್ತ ಬರಿಸುತ್ತದೆ.

ತಿಂಗಳು ಯಾವುದು ಅಂದರೆ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್. ಮಳೆ ಇಳಿದಿರುತ್ತದೆ, ಕೊಯ್ಲು ಶುರುವಾಗಿರುವುದಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ನಾಯಿ ದೊಡ್ಡದಾಗಿ, ಎಲ್ಲಿ ಕಕ್ಕಸು ಮಾಡಬೇಕು ಅಂತ ಕಲಿತು, ಇಂಜೆಕ್ಷನ್ನುಗಳೆಲ್ಲ ಮುಗಿದಿರುತ್ತವೆ.

ವಯಸ್ಸಾದವರು ಇಬ್ಬರೇ ಇರುವ ಮನೆಗಳು ಈಗ ಜಾಸ್ತಿ. ಮಕ್ಕಳು ಬೆಂಗಳೂರಲ್ಲೋ ದುಬೈಯಲ್ಲೋ. ಅಂಥ ಮನೆಗೆ ಮರಿ ಬೇಡ, ಎರಡು ಮೂರು ವರ್ಷದ ಶಾಂತ ನಾಯಿ ಸರಿ. ಕಚ್ಚುವ, ಎಳೆಯುವ ಮರಿಯ ಹಿಂದೆ ಓಡಿ ಅತ್ತೆ ಮಾವ ಜಾರಿ ಬಿದ್ದರೆ ನಾಯಿ ತಂದು ಕೊಟ್ಟವರಿಗೇ ಬೈಗುಳ.

ಮನೆ ಊಟವೋ, ಪ್ಯಾಕೆಟ್ಟೋ

ಮೊದಲ ಒಂದು ವರ್ಷ ಪ್ಯಾಕೆಟ್ ಮುಖ್ಯ, ಮನೆ ಊಟ ಜೊತೆಗೆ. ಆಮೇಲೆ ಮನೆ ಊಟ ಮುಖ್ಯ ಮಾಡಿಕೊಂಡರೂ ನಡೆಯುತ್ತದೆ. ಇದು ನನ್ನ ಅಭಿಪ್ರಾಯ, ಕಾರಣ ಹೇಳುತ್ತೇನೆ.

ಬೆಳೆಯುವ ಮರಿಗೆ ಸುಣ್ಣದಂಶ, ರಂಜಕ ಎರಡೂ ಹದವಾಗಿ ಬೇಕು. ಬರೀ ಅನ್ನ ಮಜ್ಜಿಗೆ ತಿಂದು ಬೆಳೆದ ಮರಿಯ ಹೊಟ್ಟೆ ದೊಡ್ಡದು, ಕಾಲು ಸಣ್ಣ. ಮೂಳೆಯಿಲ್ಲದ ಮಾಂಸವನ್ನಷ್ಟೇ ಹಾಕಿದರೂ ತಪ್ಪು, ಅದರಲ್ಲಿ ಸುಣ್ಣದಂಶ ಇಲ್ಲ, ಕಾಲು ಬಾಗುತ್ತದೆ. ಹಾಗಂತ ಡಾಕ್ಟರನ್ನು ಕೇಳದೆ ಕ್ಯಾಲ್ಸಿಯಂ ಬಾಟಲಿ ಸುರಿದರೆ ಶೆಫರ್ಡ್, ಲ್ಯಾಬ್‌ನಂಥ ದೊಡ್ಡ ತಳಿಯ ಕೀಲುಗಳಿಗೆ ಇನ್ನೂ ಕೆಟ್ಟದ್ದು. ಮರಿಗಳಿಗೆ ಅಂತಲೇ ಇರುವ ಪ್ಯಾಕೆಟ್‌ನಲ್ಲಿ ಈ ಲೆಕ್ಕ ಆಗಿರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಕೊಡಿ. ಜೊತೆಗೆ ಬೇಯಿಸಿದ ಮೊಟ್ಟೆ, ಸ್ವಲ್ಪ ಕೋಳಿ. ಮೂರು ತಿಂಗಳವರೆಗೆ ದಿನಕ್ಕೆ 4 ಸಲ, ಆರು ತಿಂಗಳವರೆಗೆ 3 ಸಲ, ಆಮೇಲೆ 2 ಸಲ ಸಾಕು. ಹಸುವಿನ ಹಾಲು ಕುಡಿದು ಭೇದಿ ಆಗುವ ಮರಿಗಳೇ ಜಾಸ್ತಿ. ಮೊಸರು ಪರವಾಗಿಲ್ಲ.

ದೊಡ್ಡ ನಾಯಿಯ ಲೆಕ್ಕ ಹೀಗೆ. 20 ಕೆಜಿ ತೂಗುವ ನಾಯಿಗೆ ಒಣ ಪ್ಯಾಕೆಟ್ ಊಟ ದಿನಕ್ಕೆ ಹೆಚ್ಚುಕಡಿಮೆ 250ರಿಂದ 300 ಗ್ರಾಂ. ಮನೆ ಊಟವಾದರೆ ಬೇಯಿಸಿದ ಮೇಲೆ ಅರ್ಧ ಕೆಜಿ ಆಸುಪಾಸು. ಅದರಲ್ಲಿ ಅರ್ಧದಷ್ಟು ಮಾಂಸ, ಮೊಟ್ಟೆ, ಮೀನು ಇರಲಿ, ಉಳಿದದ್ದು ಅನ್ನ ಅಥವಾ ರಾಗಿ, ಜೊತೆಗೆ ಸಿಹಿಗುಂಬಳವೋ ಕ್ಯಾರೆಟ್ಟೋ. ನಮ್ಮಲ್ಲಿ ಆಗುವುದು ಉಲ್ಟಾ. ತಟ್ಟೆ ತುಂಬ ಅನ್ನ, ಮೇಲೆ ಒಂದು ಚಮಚ ಸಾರು. ಮೈಮೇಲೆ ಕೈ ಆಡಿಸಿದರೆ ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ಅಷ್ಟು ನೋಡಿಕೊಂಡು ಹೆಚ್ಚು ಕಡಿಮೆ ಮಾಡಿ.

ಪ್ಯಾಕೆಟ್ ತರುವವರಿಗೆ ನಮ್ಮ ಊರಿನದೇ ಒಂದು ಎಚ್ಚರಿಕೆ. ದೊಡ್ಡ ಚೀಲ ತಂದರೆ ಉಳಿತಾಯ ನಿಜ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ನಾಯಿ ಊಟ ಬಿಡುತ್ತದೆಯೇ? ಬೂಷ್ಟು ಹಿಡಿದ ಊಟದಿಂದ ಲಿವರ್ ಹಾಳಾಗುತ್ತದೆ. ಮಳೆಗಾಲದಲ್ಲಿ ಸಣ್ಣ ಚೀಲ ತನ್ನಿ, ಗಟ್ಟಿ ಮುಚ್ಚಳದ ಡಬ್ಬದಲ್ಲಿಡಿ. ಮುಗ್ಗಲು ವಾಸನೆ ಬಂದರೆ ನಾಯಿಗೂ ಬೇಡ, ಕೋಳಿಗೂ ಬೇಡ.

ಇನ್ನು ಪಂದಿ. ಹಂದಿಮಾಂಸ ನಾಯಿಗೆ ಕೊಡಬಹುದಾ ಅಂತ ಇಲ್ಲಿ ಕೇಳದವರಿಲ್ಲ. ಕೊಬ್ಬಿಲ್ಲದ ತುಂಡನ್ನು ಚೆನ್ನಾಗಿ ಬೇಯಿಸಿ, ಉಪ್ಪು ಖಾರ ಇಲ್ಲದೆ ಸ್ವಲ್ಪ ಕೊಟ್ಟರೆ ತೊಂದರೆ ಇಲ್ಲ. ಹಸಿ ಕೊಟ್ಟರೆ ಹುಳದ ಭಯ. ಬರೀ ಕೊಬ್ಬು ಹಾಕಿದರೆ ಮೇದೋಜೀರಕ ಊದಿಕೊಂಡು, ವಾಂತಿ ನಿಲ್ಲದೆ ಆಸ್ಪತ್ರೆ ಸೇರುತ್ತದೆ. ಮದುವೆ ಮನೆಯ ಪಂದಿಕರಿ ಉಳಿದಿದೆ ಅಂತ ಬಕೆಟ್‌ನಲ್ಲಿ ತಂದು ಸುರಿಯಬೇಡಿ. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಧಾರಾಳ, ಎರಡೂ ನಾಯಿಯ ರಕ್ತಕ್ಕೆ ವಿಷ. ಮಸಾಲೆ ಹಾಕುವ ಮುಂಚೆ ನಾಯಿ ಪಾಲು ತೆಗೆದಿಟ್ಟರೆ ಮುಗಿಯಿತು. ಬೇಯಿಸಿದ ಕೋಳಿ ಮೂಳೆ ಯಾವ ಕಾಲಕ್ಕೂ ಬೇಡ. ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡದು ಅನ್ನುವುದು ಈಗ ಬಹಳ ಜನಕ್ಕೆ ಗೊತ್ತು. ಕಾಫಿಯೂ ಅದೇ ಪಟ್ಟಿಯಲ್ಲಿದೆ. ಕಾಫಿಪುಡಿ ಡಬ್ಬಕ್ಕೆ ಬಾಯಿ ಹಾಕಿದ ಮರಿ ನಿಂತಲ್ಲಿ ನಿಲ್ಲುವುದಿಲ್ಲ, ವಾಂತಿ ಮಾಡುತ್ತದೆ, ಎದೆ ಢವಢವ ಹೊಡೆದುಕೊಳ್ಳುತ್ತದೆ. ತಕ್ಷಣ ಡಾಕ್ಟರ ಹತ್ತಿರ ಓಡಬೇಕು. ಕಣದಲ್ಲಿ ಹಣ್ಣು ಹರಡಿರುವಾಗಲೂ ಮರಿಯನ್ನು ಬಿಡಬೇಡಿ. ಬೆಣ್ಣೆಹಣ್ಣಿನ ಮರ ಇದ್ದರೆ ಬಿದ್ದ ಹಣ್ಣು ಆಯ್ದುಬಿಡಿ, ಅದರ ಬೀಜ ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಎಲ್ಲಕ್ಕಿಂತ ಹೆಚ್ಚಿಗೆ ನಾಯಿಗಳನ್ನು ಕೊಲ್ಲಬಲ್ಲದ್ದು ತೋಟದ ಔಷಧಗಳೇ. ಶನಿವಾರಸಂತೆ ಕಡೆ ಆಫ್ರಿಕನ್ ಬಸವನಹುಳು ಬಂದಾಗ ತೌಡು, ಬೆಲ್ಲಕ್ಕೆ ವಿಷ ಕಲಸಿ ಉಂಡೆ ಇಡುತ್ತಾರೆ. ಸಿಹಿ, ಘಮ ಎರಡೂ ಇರುವ ಆ ಉಂಡೆ ಲ್ಯಾಬ್ರಡಾರ್‌ಗೆ ಹಬ್ಬದೂಟ. ಇಲಿ ಪಾಷಾಣವೂ ಹಾಗೇ. ಮಳೆಗೆ ಮುಂಚೆ ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯುವಾಗ ಡ್ರಮ್ಮಿನ ಹತ್ತಿರ ನಿಂತ ನೀರನ್ನು ನಾಯಿ ನೆಕ್ಕುತ್ತದೆ, ಅದರಲ್ಲಿ ಮೈಲುತುತ್ತ ಇರುತ್ತದೆ. ಔಷಧ ಇಡುವ ದಿನ ನಾಯಿ ಗೂಡಿನಲ್ಲಿರಲಿ. ಪಕ್ಕದ ತೋಟದವರಿಗೂ ಹೇಳಿಡಿ, "ನೀವು ಇಡೋ ದಿನ ಒಂದು ಫೋನ್ ಮಾಡಿ" ಅಂತ.

ಕಟ್ಟುವುದೋ, ಬಿಡುವುದೋ, ಗೂಡೋ

ಹಗಲು ಕಟ್ಟಿ ರಾತ್ರಿ ಬಿಡುವುದು ನಮ್ಮ ಹಳೇ ಪದ್ಧತಿ. ಈಗಿನ ಕೊಡಗಿಗೆ ಇದು ಹೊಂದುವುದಿಲ್ಲ ಅನ್ನುವುದು ನನ್ನ ಖಚಿತ ಮಾತು.

ರಾತ್ರಿ ಬಿಟ್ಟ ನಾಯಿ ತೋಟ ಕಾಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಅಲ್ಲಿ ಇಲ್ಲಿ ಸುತ್ತಿ ಹಂದಿಗೆ ಇಟ್ಟ ತಂತಿ ಉರುಲಿಗೆ ಬೀಳುತ್ತದೆ. ಉರುಲು ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಆದರೂ ಇಡುವವರು ಇಡುತ್ತಾರೆ. ಸೊಂಟಕ್ಕೆ ಬಿದ್ದ ತಂತಿ ನಾಯಿ ಎಳೆದಷ್ಟೂ ಬಿಗಿಯುತ್ತದೆ. ಇನ್ನು ಚಿರತೆಗೆ ಕಾಡುಹಂದಿಗಿಂತ ನಾಯಿ ಸುಲಭದ ಬೇಟೆ. ಅಂಗಳದ ಕಂಬಕ್ಕೆ ಸರಪಳಿ ಹಾಕಿ ಕಟ್ಟಿದ ನಾಯಿಯಂತೂ ಓಡುವ ಹಾಗೂ ಇಲ್ಲ. ಬಿಟ್ಟರೂ ಕಷ್ಟ, ಕಟ್ಟಿದರೂ ಕಷ್ಟ. ಹಾಗಾಗಿ ರಾತ್ರಿ ಬಾಗಿಲು ಹಾಕಿದ ಗೂಡು ಅಥವಾ ಮನೆ ಒಳಗೆ. ಅಲ್ಲಿಂದಲೇ ಬೊಗಳಿದರೂ ನಿಮಗೆ ಎಚ್ಚರ ಆಗುತ್ತದೆ. ಕಾವಲು ಅಂದರೆ ಅಷ್ಟೇ ಸಾಕಲ್ವಾ?

ಆನೆ ಇರುವ ಕಡೆ ಇನ್ನೊಂದು ಅಪಾಯ. ಬೆಳಗ್ಗೆ ತೋಟ ಸುತ್ತುವಾಗ ನಾಯಿ ಮುಂದೆ ಓಡಿ ಆನೆಯನ್ನು ಕಂಡು ಬೊಗಳುತ್ತದೆ. ಆನೆ ಅಟ್ಟಿಸಿಕೊಂಡು ಬಂದರೆ ನಾಯಿ ಎಲ್ಲಿಗೆ ಓಡುತ್ತದೆ? ಸೀದಾ ನಿಮ್ಮ ಕಾಲ ಬುಡಕ್ಕೆ. ಹಿಂದೆ ಆನೆ. ಸಿದ್ದಾಪುರ, ತಿತಿಮತಿ ಕಡೆಯವರು ಬೆಳಗಿನ ಸುತ್ತಿಗೆ ನಾಯಿಯನ್ನು ಕರೆದೊಯ್ಯದಿರುವುದೇ ಮೇಲು. ಕರೆದೊಯ್ಯಲೇಬೇಕು ಅಂದರೆ ಹಗ್ಗ ಕೈಯಲ್ಲಿರಲಿ.

ಹಗಲು ಹೊತ್ತಿಗೆ ಸರಪಳಿಗಿಂತ ಓಡುತಂತಿ ವಾಸಿ. ಎರಡು ಕಂಬದ ನಡುವೆ ಗಟ್ಟಿ ತಂತಿ ಎಳೆದು, ಅದಕ್ಕೆ ಬಳೆ ಹಾಕಿ, ಬಳೆಗೆ ನಾಯಿಯ ಹಗ್ಗ. ಅತ್ತಿಂದಿತ್ತ ಓಡಾಡಬಹುದು, ಸುತ್ತಿಕೊಳ್ಳುವುದಿಲ್ಲ. ಎರಡೂ ತುದಿಯಲ್ಲಿ ನೆರಳು, ನೀರು ಇರಬೇಕು. ಇದೂ ಕೆಲವು ಗಂಟೆಗಳ ಮಾತು. ದಿನವಿಡೀ ಕಟ್ಟಿದ ನಾಯಿ ಕಾವಲುನಾಯಿ ಆಗುವುದಿಲ್ಲ, ಸಿಡುಕಿನ ನಾಯಿ ಆಗುತ್ತದೆ.

ಗೂಡು ಕಟ್ಟುವವರು ನೆಲಕ್ಕೆ ಬರೀ ಸಿಮೆಂಟ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಆ ನೆಲ ಬೆವರುತ್ತದೆ. ನೆಲದಿಂದ ಒಂದಡಿ ಎತ್ತರಕ್ಕೆ ಹಲಗೆ ಹಾಸಿ, ಹಲಗೆಗಳ ನಡುವೆ ಬೆರಳು ಹೋಗದಷ್ಟು ಸಂದು ಬಿಡಿ, ಗಾಳಿ ಆಡಲಿ. ನಮ್ಮಲ್ಲಿ ಮಳೆ ಬೀಸುವುದು ನೈಋತ್ಯದಿಂದ, ಹಾಗಾಗಿ ಗೂಡಿನ ಬೆನ್ನು ಆ ಕಡೆ, ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇರಲಿ. ಮುಂದೆ ಎರಡಡಿ ಸೂರು ಇಳಿಬಿಡಿ. ಬಾಗಿಲಿಗೆ ಕಬ್ಬಿಣದ ಸರಳು, ಚಿಲಕ ಹೊರಗಡೆ. ಹಾಸಲು ಗೋಣಿಚೀಲ ಒಳ್ಳೆಯದೇ, ಆದರೆ ಮೂರು ನಾಲ್ಕು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಒಲೆ ಮೇಲೆ ಒಣಗಿಸಿ ಬದಲಿಸಬೇಕು. ಒದ್ದೆ ಗೋಣಿ ಮೇಲೆ ಮಲಗಿದ ನಾಯಿಯ ಹೊಟ್ಟೆ ಕೆಳಗೆ ಕೂದಲು ಉದುರಿ ಕಜ್ಜಿ ಏಳುತ್ತದೆ. ಬಟ್ಟೆ ಒಣಗಿಸುವ ಅಗ್ಗಿಷ್ಟಿಕೆಯನ್ನು ಪಾಪ ಚಳಿ ಅಂತ ಮುಚ್ಚಿದ ಗೂಡಿನೊಳಗೆ ಇಡಬೇಡಿ. ಇದ್ದಿಲ ಹೊಗೆ ಕಣ್ಣಿಗೆ ಕಾಣದೆ ಕೊಲ್ಲುತ್ತದೆ.

ಏಟೋ, ತಿಂಡಿಯೋ

ಉಚ್ಚೆ ಹೊಯ್ದ ಜಾಗಕ್ಕೆ ಮೂತಿ ಉಜ್ಜುವುದು, ಪೇಪರ್ ಸುತ್ತಿ ಹೊಡೆಯುವುದು ಇನ್ನೂ ನಡೆಯುತ್ತಲೇ ಇದೆ. ಮರಿಗೆ ಅರ್ಥವಾಗುವುದು ಒಂದೇ, ಈ ಮನುಷ್ಯರ ಎದುರಿಗೆ ಉಚ್ಚೆ ಹೊಯ್ಯಬಾರದು ಅಂತ. ಮುಂದಿನ ಸಲ ಸೋಫಾ ಹಿಂದೆ ಹೊಯ್ಯುತ್ತದೆ. ಅದರ ಬದಲು ಮಲಗಿ ಎದ್ದ ಕೂಡಲೇ, ತಿಂದ ಮೇಲೆ, ಆಡಿದ ಮೇಲೆ ಹೊರಗೆ ಕರೆದೊಯ್ಯಿರಿ. ಮುಗಿಸಿದ ಕ್ಷಣವೇ ಒಂದು ಚೂರು ತಿಂಡಿ. ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ತಡೆದುಕೊಳ್ಳಲಾರದು. ಮಳೆಗಾಲದಲ್ಲಿ ಕಾರ್ ಶೆಡ್ಡಿನ ಮೂಲೆಯಲ್ಲಿ ಒಂದು ತಟ್ಟೆಯಷ್ಟು ಜಾಗಕ್ಕೆ ಮರಳೋ ಮರದ ಹೊಟ್ಟೋ ಹಾಕಿ ಅಲ್ಲೇ ಅಭ್ಯಾಸ ಮಾಡಿಸಿ.

ಕಲಿಸಲೇಬೇಕಾದ ಪಾಠ ಒಂದೇ ಅಂದರೆ ನಾನು ಕೂಗಿದರೆ ಬರುವುದನ್ನೇ ಆರಿಸುತ್ತೇನೆ. ಶೇಕ್‌ಹ್ಯಾಂಡ್ ಕಲಿಯದಿದ್ದರೂ ನಡೆಯುತ್ತದೆ, ಇದು ಬರದಿದ್ದರೆ ತೋಟದಲ್ಲಿ ಜೀವಕ್ಕೇ ಕುತ್ತು. ಬೇಯಿಸಿದ ಕೋಳಿಯನ್ನು ಕಡಲೆಕಾಳಿನಷ್ಟು ಚೂರು ಮಾಡಿ ಜೇಬಲ್ಲಿಟ್ಟುಕೊಳ್ಳಿ. ಮೊದಲು ಹಜಾರದಲ್ಲಿ ನಾಲ್ಕು ಹೆಜ್ಜೆ ದೂರದಿಂದ ಹೆಸರು ಹಿಡಿದು "ಬಾ" ಅನ್ನಿ. ಬಂದರೆ ಕುತ್ತಿಗೆ ಪಟ್ಟಿ ಹಿಡಿದು ಚೂರು ಕೊಟ್ಟು ತಿರುಗಿ ಬಿಟ್ಟುಬಿಡಿ. ಪಟ್ಟಿ ಹಿಡಿಯುವುದು ಮುಖ್ಯ, ಇಲ್ಲವಾದರೆ ತಿಂಡಿ ಕಿತ್ತುಕೊಂಡು ಓಡುವುದನ್ನು ಕಲಿಯುತ್ತದೆ. ಬಿಡುವುದೂ ಮುಖ್ಯ, ಬಂದರೆ ಆಟ ಮುಗಿಯಿತು ಅಂತ ಅನಿಸಬಾರದು. ಆಮೇಲೆ ಖಾಲಿ ಕಣದಲ್ಲಿ, ಉದ್ದ ಹಗ್ಗ ಕಟ್ಟಿ. ಆಮೇಲೆ ಕೋಳಿಗಳು ಮೇಯುತ್ತಿರುವಾಗ, ಹಗ್ಗ ಇದ್ದೇ ಇರಲಿ. ಕರೆದು ಬೈಯಬೇಡಿ, ಕರೆದು ಸ್ನಾನ ಮಾಡಿಸಬೇಡಿ. ಅಂಥದ್ದಕ್ಕೆ ನೀವೇ ಹೋಗಿ ಹಿಡಿದುಕೊಂಡು ಬನ್ನಿ.

ಮನೆಯಲ್ಲಿ ಅಜ್ಜಿ ಕೊಡವ ತಕ್ಕಿನಲ್ಲಿ ಕರೆದು, ಮಕ್ಕಳು ಇಂಗ್ಲಿಷ್‌ನಲ್ಲಿ ಕೂಗಿ, ಅಸ್ಸಾಮಿನಿಂದ ಬಂದ ಕೆಲಸದವರು ಅವರ ಭಾಷೆಯಲ್ಲಿ ಕರೆದರೆ ಮರಿ ಯಾರ ಮಾತು ಕೇಳಬೇಕು? ಎಲ್ಲರೂ ಒಂದೇ ಪದ ಅಂತ ಮಾತಾಡಿಕೊಳ್ಳಿ.

ಮೂರು ವಾರದಿಂದ ಮೂರು ತಿಂಗಳವರೆಗೆ ಮರಿ ಕಂಡದ್ದು, ಕೇಳಿದ್ದು ಆಮೇಲೆ ಅದಕ್ಕೆ ಹೊಸತಲ್ಲ. ಕೊಪ್ಪೆ, ರೇನ್‌ಕೋಟ್ ಹಾಕಿದವರು, ವೀಡ್ ಕಟರ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಸದ್ದು ಎಲ್ಲ ದೂರದಿಂದ, ತಿಂಡಿ ಜೊತೆ ಪರಿಚಯ ಆಗಲಿ. ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಕೋವಿ ಸದ್ದಿಗೆ ಬೆದರಿ ಹಗ್ಗ ಕಿತ್ತು ಓಡುವ ನಾಯಿಗಳಿಗೆ ಈ ಪಾಠ ಸಿಕ್ಕಿರುವುದಿಲ್ಲ. ಆ ದಿನ ಬಾಗಿಲು ಹಾಕಿದ ಕೋಣೆಯಲ್ಲಿ, ಟಿವಿ ಜೋರಾಗಿಟ್ಟು ಮಲಗಿಸಿ.

ತರಬೇತಿಗೆ ಅಂತ ಮೈಸೂರಿಗೋ ಬೆಂಗಳೂರಿಗೋ ಒಂದು ತಿಂಗಳು ಬಿಟ್ಟುಬರುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಕಲಿತ ನಾಯಿ ಬರುತ್ತದೆ, ಕಲಿಯದ ಮನೆಯವರು ಹಾಗೇ ಇರುತ್ತಾರೆ.

ಉಣ್ಣಿಗೆ ಪುಡಿಯೋ, ಮಾತ್ರೆಯೋ

ಪುಡಿ, ಸ್ನಾನದ ಔಷಧ ಅಗ್ಗ, ಆದರೆ ಮಳೆಯಲ್ಲಿ ತೊಳೆದುಹೋಗುತ್ತದೆ. ಬೆನ್ನಿಗೆ ಹನಿಸುವ ಔಷಧ ಹಾಕಿದ ಮೇಲೆ ಎರಡು ದಿನ ಮೈ ಒದ್ದೆ ಆಗಬಾರದು ಅನ್ನುತ್ತಾರೆ. ಜುಲೈಯಲ್ಲಿ ಅಂಥ ಎರಡು ದಿನ ಹುಡುಕಿ ನೋಡೋಣ. ಬಾಯಿಗೆ ಕೊಡುವ ಮಾತ್ರೆ ದುಬಾರಿ, ಆದರೆ ಮಳೆಗೂ ಅದಕ್ಕೂ ಸಂಬಂಧವಿಲ್ಲ. ಕೆಲವು ಒಂದು ತಿಂಗಳು, ಫ್ಲೂರಾಲೇನರ್ ಅನ್ನುವ ಔಷಧ ಇರುವ ಮಾತ್ರೆ ಸುಮಾರು ಮೂರು ತಿಂಗಳು ಕೆಲಸ ಮಾಡುತ್ತದೆ. ಫಿಟ್ಸ್ ಬರುವ ನಾಯಿಯಾದರೆ ಡಾಕ್ಟರಿಗೆ ಮೊದಲೇ ಹೇಳಿ. ನನ್ನ ಮಟ್ಟಿಗೆ ಮಳೆಗಾಲಕ್ಕೆ ಮಾತ್ರೆ, ಬೇಸಿಗೆಗೆ ಬೇರೆ ಏನಾದರೂ. ಗಿಡಕ್ಕೆ ಹೊಡೆಯುವ ಕೀಟನಾಶಕ ಬೆರೆಸಿ ನಾಯಿ ತೊಳೆಯುವವರನ್ನು ಕಂಡರೆ ತಡೆಯಿರಿ, ಅದು ಚರ್ಮದಿಂದಲೇ ಒಳಗಿಳಿಯುತ್ತದೆ.

ಏನೇ ಹಾಕಿದರೂ ಸಂಜೆ ಹೊತ್ತು ಕೈಯಿಂದ ನೋಡುವುದು ತಪ್ಪಿಸಬೇಡಿ. ಕಿವಿ ಮಡಿಕೆ, ಕಂಕುಳು, ಬಾಲದ ಬುಡ, ಬೆರಳ ಸಂದು. ಉಣ್ಣಿ ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆಯಿರಿ. ಹೊಸಕಬೇಡಿ, ಸುಡಬೇಡಿ. ಉಣ್ಣಿಜ್ವರ ಬಂದ ನಾಯಿ ಊಟ ಬಿಟ್ಟು ಮೂಲೆ ಸೇರುತ್ತದೆ, ವಸಡು ಬಿಳಿಚಿಕೊಳ್ಳುತ್ತದೆ, ಕೆಲವಕ್ಕೆ ಮೂಗಿನಿಂದ ರಕ್ತ, ಉಚ್ಚೆ ಕಾಫಿ ಬಣ್ಣ. ಅವತ್ತೇ ರಕ್ತಪರೀಕ್ಷೆ ಮಾಡಿಸಿ. ಜಿಗಣೆಗೆ ಉಪ್ಪು ಸಾಕು. ನಮಗೆ ಹಚ್ಚಿಕೊಳ್ಳುವ ಹೊಗೆಸೊಪ್ಪು ನಾಯಿಗೆ ಬೇಡ, ನೆಕ್ಕಿದರೆ ವಿಷ. ಒಂದೇ ಹೊಳ್ಳೆಯಲ್ಲಿ ರಕ್ತ ಬಂದು ಸೀನುತ್ತಲೇ ಇದ್ದರೆ ತೋಡಿನ ನೀರು ಕುಡಿಯುವಾಗ ಜಿಗಣೆ ಮೂಗಿಗೆ ಹೊಕ್ಕಿರಬಹುದು. ಅದನ್ನು ನೀವೇ ಕೆದಕಬೇಡಿ, ಡಾಕ್ಟರು ತೆಗೆಯಲಿ.

ಇಂಜೆಕ್ಷನ್‌ನಲ್ಲಿ ಆಯ್ಕೆ ಅನ್ನುವುದೇ ಇಲ್ಲ

ಪಾರ್ವೋ ಮುಂತಾದ ರೋಗಗಳ ಲಸಿಕೆ 6ರಿಂದ 8 ವಾರಕ್ಕೆ ಮೊದಲ ಡೋಸ್, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ 16 ವಾರ ತುಂಬುವವರೆಗೆ. ಮೂರು ತಿಂಗಳ ಮೇಲೆ ರೇಬೀಸ್, ಆಮೇಲೆ ವರ್ಷ ವರ್ಷ. ಜಂತುಹುಳದ ಔಷಧ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಕೇಳಿ ಹಾಕಿಸಬೇಕಾದ್ದು ಇಲಿಜ್ವರದ ಲಸಿಕೆ. ಇಲಿ ಉಚ್ಚೆ ಬೆರೆತ ಗದ್ದೆ ನೀರು, ಕೊಚ್ಚೆಯಿಂದ ನಾಯಿಗೆ ಬರುತ್ತದೆ, ನಾಯಿಯ ಉಚ್ಚೆಯಿಂದ ಮನೆಯವರಿಗೂ ಬರಬಹುದು.

ಸರ್ಕಾರಿ ಪಶು ಆಸ್ಪತ್ರೆಯೋ, ಖಾಸಗಿಯೋ ಅಂತ ಕೇಳಿದರೆ ರೇಬೀಸ್‌ಗೆ ಸರ್ಕಾರಿ ಆಸ್ಪತ್ರೆ ಧಾರಾಳ ಸಾಕು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಉಚಿತವಾಗಿ ಹಾಕುವುದೂ ಉಂಟು. ಮರಿಯ ಬೇರೆ ಲಸಿಕೆ, ರಕ್ತಪರೀಕ್ಷೆ, ಆಪರೇಷನ್‌ಗೆ ನಿಮ್ಮ ಊರಿನಲ್ಲಿ ಎಲ್ಲಿ ಏನು ಸಿಗುತ್ತದೆ ಅಂತ ಮರಿ ತರುವ ಮುಂಚೆಯೇ ವಿಚಾರಿಸಿ, ರಾತ್ರಿ ಹೊತ್ತಿಗೆ ಫೋನ್ ಎತ್ತುವ ಡಾಕ್ಟರ ನಂಬರ್ ಒಂದನ್ನು ಗೋಡೆಗೆ ಅಂಟಿಸಿಡಿ. ಲಸಿಕೆ ಹಾಕಿಸಿದ ಸ್ವಂತ ನಾಯಿಯೇ ಕಚ್ಚಿದರೂ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಮೆತ್ತಬೇಡಿ.